ಟೊಮೆಟೊ ಸೂಪು ಮಾಡಿದವಳು

ಆ ಸೂಪನ್ನು ಮಾಡಿದವಳು ನಾನಲ್ಲ. ಅದರ ಜೊತೆಗಿದ್ದ ಚೀಸ್ ಸ್ಯಾಂಡ್‌ವಿಚ್ಚನ್ನು ಕಾವಲಿಯ ಮೇಲೆ ಕೆಂಪಗೆ ಕಾಯಿಸಿದವಳೂ ನಾನಲ್ಲ. ಎಲ್ಲವನ್ನೂ ಮಾಡಿದವಳು ನನ್ನ ಅಕ್ಕ ತೆರೆಜಾ. ನಾನು ಮಾಡಿದ್ದೆಂದು ನಾನು ಹೇಳಿದೆ — ಒಂದೇ ಒಂದು ಮಾತು — ಆ ಮಾತಿನಿಂದ ನನ್ನ ಮದುವೆಯಾಯಿತು, ಅಕ್ಕನದ್ದು ಆಗಲೇ ಇಲ್ಲ.

ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಶಿರ್ವದ ಇಗರ್ಜಿಯಲ್ಲಿ, ಆಮೇಲೆ ಬಹ್ರೇನಿನಲ್ಲಿ, ಎಷ್ಟೋ ಸಲ ಪಾಪನಿವೇದನೆಗೆ ಮಂಡಿಯೂರಿದ್ದೇನೆ. ಸಿಟ್ಟು ಮಾಡಿದೆ, ಪೂಜೆ ತಪ್ಪಿಸಿದೆ, ಸುಳ್ಳು ಹೇಳಿದೆ ಎಂದು ಒಪ್ಪಿಸಿದ್ದೇನೆ. "ಸುಳ್ಳು ಹೇಳಿದೆ" ಎನ್ನುವಾಗ ಇದೂ ಅದರೊಳಗೇ ಬಂತಲ್ಲ ಎಂದು ನನ್ನಷ್ಟಕ್ಕೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಬಿಡಿಸಿ ಹೇಳಿದ್ದರೆ ಪಾದ್ರಿಗಳು ಕೊಡುವ ಪ್ರಾಯಶ್ಚಿತ್ತ ಯಾವುದೆಂದು ಗೊತ್ತಿತ್ತು — ಹೋಗಿ ಅಕ್ಕನಿಗೆ ಹೇಳು, ಗಂಡನಿಗೆ ಹೇಳು. ಅದೊಂದು ನನಗೆ ಬೇಡವಾಗಿತ್ತು. ದೇವರಿಗೇ ಟೋಪಿ ಹಾಕಲು ಹೊರಟವಳು ನಾನು.

ತೆರೆಜಾ ನನಗಿಂತ ಏಳು ವರ್ಷ ದೊಡ್ಡವಳು. ಅಕ್ಕನನ್ನು ನಮ್ಮ ಮನೆಯಲ್ಲಿ 'ಬಾಯ್' ಎಂದು ಕರೆಯುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೆ ಅವಳು ಶಾಲೆ ಬಿಟ್ಟು ಮಣಿಪಾಲದಲ್ಲಿ ಒಬ್ಬ ವಿದೇಶಿ ಪ್ರೊಫೆಸರರ ಮನೆಗೆ ಅಡುಗೆಗೆ ಸೇರಿದಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು, ಉಡುಪಿಗೆ ಹೋಗಿ ಟೈಪಿಂಗ್ ಕಲಿತದ್ದು, ಎಲ್ಲ ಅವಳ ದುಡಿಮೆಯಲ್ಲಿ. ಶನಿವಾರ ಸಂಜೆಯ ಬಸ್ಸಿನಿಂದ ಇಳಿಯುವಾಗ ಅವಳ ಚೀಲದಲ್ಲಿ ಒಂದು ಬ್ರೆಡ್ಡು, ಕಾಗದದಲ್ಲಿ ಸುತ್ತಿದ ಬೆಣ್ಣೆ, ಆ ಮನೆಯೊಡತಿ ಕೊಟ್ಟ ಒಂದು ತುಂಡು ಚೀಸು ಇರುತ್ತಿತ್ತು.

ಸೌದೆಯ ಒಲೆಯಲ್ಲಿ ಅವಳು ಸ್ಯಾಂಡ್‌ವಿಚ್ ಮಾಡುವ ಕ್ರಮವೇ ಬೇರೆ. ಬ್ರೆಡ್ಡಿನ ಒಳಗೆ ಚೀಸು, ಹೊರಗೆ ಬೆಣ್ಣೆ. ದೋಸೆಯ ಕಾವಲಿಯಲ್ಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕುದಿನೀರು ತುಂಬಿದ ತಂಬಿಗೆ ಇಡುವಳು. ಭಾರಕ್ಕೆ ಬ್ರೆಡ್ಡು ಒತ್ತಿಕೊಳ್ಳುತ್ತದೆ, ಬಿಸಿಗೆ ಚೀಸು ಮೇಲಿನಿಂದಲೂ ಕರಗುತ್ತದೆ. ಇದು ಯಾರೂ ಕಲಿಸಿದ್ದಲ್ಲ, ಅವಳದ್ದೇ ತಲೆ. ಟೊಮೆಟೊ ಬೇಯಿಸಿ, ಸಿಪ್ಪೆ ತೆಗೆದು, ತೆಂಗಿನ ಹಾಲು ಹಿಂಡುವ ಬಟ್ಟೆಯಲ್ಲಿ ಸೋಸಿ, ಬೆಣ್ಣೆಯಲ್ಲಿ ಬಾಡಿಸಿದ ನೀರುಳ್ಳಿ, ಚಿಟಿಕೆ ಸಕ್ಕರೆಯೊಂದಿಗೆ ಸಣ್ಣ ಉರಿಯಲ್ಲಿ ಕುದಿಸುವಳು. "ತೆಂಗಿನಕಾಯಿ ಹಾಕದೆ ಎಂತ ಸಾರು ಮಾರಾಯ್ತಿ, ಇದು ಜ್ವರ ಬಂದವರಿಗಾ?" ಎಂದು ಮೂಗು ಮುರಿಯುತ್ತಿದ್ದ ಅಮ್ಮ ಎರಡು ಬಟ್ಟಲು ಕುಡಿದೇ ಏಳುತ್ತಿದ್ದಳು.

ಎಪ್ಪತ್ತೆಂಟರ ಸುಮಾರಿಗೆ ಬಾಯ್‌ಗೆ ಒಂದು ಸಂಬಂಧ ಬಂತು. ತಂದವರು ಪಾಸ್ಕಲ್ ಮಾಮ, ನಮ್ಮ ಕಡೆಯ ಅರ್ಧ ಮದುವೆಗಳನ್ನು ಕುದುರಿಸಿದವರು. ಹುಡುಗ ಕಾಪುವಿನ ಗ್ರೆಗರಿ, ಬಹ್ರೇನಿನಲ್ಲಿ ಕೆಲಸ, ಒಂದೂವರೆ ತಿಂಗಳ ರಜೆ. ಆ ರಜೆಯೊಳಗೇ ಹೆಣ್ಣು ನೋಡಿ, ಇಗರ್ಜಿಯಲ್ಲಿ ಮದುವೆಯ ಚೀಟಿ ಓದಿಸಿ, ಮದುವೆಯೂ ಮುಗಿಯಬೇಕು. ಅವರ ಮನೆಯವರು ಮುಂಚಿತವಾಗಿ ಸಾಬೂನಿನ ಜೊತೆ ಒಂದು ಡಬ್ಬ ಚೀಸನ್ನೂ ಕಳಿಸಿಕೊಟ್ಟಿದ್ದರು. ಬಾಯ್ ಆ ಡಬ್ಬವನ್ನು ಕೈಯಲ್ಲಿ ತಿರುಗಿಸಿ ನೋಡಿ, "ಹೋದಲ್ಲೆಲ್ಲ ಅವರಿಗೆ ಕೇಕು, ಬಾಳೆಹಣ್ಣು ಸಿಕ್ಕಿರ್ತದೆ. ನಾನು ಇದನ್ನೇ ಮಾಡ್ತೇನೆ" ಎಂದಳು. ಇಪ್ಪತ್ತೇಳು ವರ್ಷದ ನನ್ನ ಅಕ್ಕ ಅಷ್ಟು ಆಸೆಯಿಂದ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ನೋಡಲು ಬಂದವರಿಗೆ ತಟ್ಟೆ ತಂದುಕೊಡಬೇಕಾದವಳು ಹುಡುಗಿಯೇ. ಆದರೆ ಈ ಸ್ಯಾಂಡ್‌ವಿಚ್ ಯಾರಿಗೂ ಕಾಯುವುದಿಲ್ಲ. ಆರಿದರೆ ಚೀಸು ರಬ್ಬರು. ಬಂದವರು ನಾಲ್ಕು ಜನ, ಕಾವಲಿಯಲ್ಲಿ ಹಿಡಿಯುವುದು ಎರಡು. "ಲೂಸಿ, ಇದು ಬಿಸಿ ಇರುವಾಗಲೇ ಕೊಟ್ಟು ಬಾ. ಇನ್ನೆರಡು ತೆಗೆದುಕೊಂಡು ನಾನೇ ಬರ್ತೇನೆ" ಎಂದಳು. ಕಾವಲಿ ಬಿಟ್ಟು ಏಳಲು ಅವಳಿಗೆ ಮನಸ್ಸಾಗಲಿಲ್ಲ, ಕಪ್ಪಗಾದರೆ ಎಂಬ ಹೆದರಿಕೆ. ಹೆಣ್ಣು ತೋರಿಸುವ ದಿನ ಅವಳು ರುಚಿಯ ಚಿಂತೆ ಮಾಡಿದಳು, ಮುಖದ ಚಿಂತೆ ಮಾಡಲಿಲ್ಲ.

ಗ್ರೆಗರಿ ಒಂದು ತುಂಡನ್ನು ಸೂಪಿನಲ್ಲಿ ಅದ್ದಿ ತಿಂದರು. ತಲೆಯೆತ್ತಿ ನನ್ನನ್ನು ನೋಡಿ ನಕ್ಕರು.

"ಇಂಥದ್ದು ನಮ್ಮೂರಲ್ಲಿ! ನೀವಾ ಮಾಡಿದ್ದು?"

"ಹೌದು" ಎಂದೆ.

ಏಕೆ ಹೇಳಿದೆ? ನಾಚಿಕೆಯಿಂದ, ಗಾಬರಿಯಿಂದ ಬಾಯಿ ತಪ್ಪಿ ಬಂತು ಎನ್ನಬಹುದಿತ್ತು — ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದೆ. ಅಲ್ಲ. ಅವರು ನಕ್ಕಾಗ ಅವರು ನನಗೆ ಬೇಕು ಅನ್ನಿಸಿತು. ಅವರು ಅಕ್ಕನಿಗಾಗಿ ಬಂದವರು ಎಂದು ಗೊತ್ತಿದ್ದೂ ಬೇಕು ಅನ್ನಿಸಿತು. ಅಷ್ಟೇ.

ನಮ್ಮ ಅಡುಗೆಮನೆಗೂ ಚಾವಡಿಗೂ ನಡುವೆ ಇದ್ದದ್ದು ಮಾಡಿಗೆ ತಾಗದ, ಮಾತೆಲ್ಲ ಆಚೆ ಕೇಳಿಸುವ ಒಂದು ಮೋಟುಗೋಡೆ. ಆಚೆ ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಬಾಯ್ ಉಳಿದೆರಡನ್ನು ತಂದಳು. ಹಣೆಯಲ್ಲಿ ಬೆವರು, ಕೆನ್ನೆಯಲ್ಲಿ ಮಸಿ. ಗ್ರೆಗರಿಯ ತಾಯಿ ಅವಳನ್ನು, "ನಿನಗೂ ಇಂಥದ್ದೆಲ್ಲ ಬರ್ತದಾ ಮಗಾ?" ಎಂದು ಕೇಳಿದರು. ಬಾಯ್ ನನ್ನನ್ನು ಒಮ್ಮೆ ನೋಡಿದಳು. ನಾನು ನೆಲ ನೋಡಿದೆ.

"ಇಲ್ಲ, ಇದು ಲೂಸಿಯದ್ದು. ನನಗೆ ನಮ್ಮ ಸಾರು, ಪಲ್ಯ ಅಷ್ಟೇ."

ಅವಳು ನನ್ನನ್ನು ಸುಳ್ಳುಗಾತಿಯಾಗಲು ಬಿಡಲಿಲ್ಲ. ನಾಲ್ಕು ಜನರ ಎದುರು ನನ್ನ ಮಾನ ಉಳಿಸಲು ತನ್ನ ಕೈಯಲ್ಲಿದ್ದದ್ದನ್ನು ಕೊಟ್ಟುಬಿಟ್ಟಳು.

ಮೂರನೆಯ ದಿನ ಪಾಸ್ಕಲ್ ಮಾಮ ಬಂದು, ಕೊಡೆಯನ್ನು ಮೂಲೆಗಿಟ್ಟು, ಬಹಳ ಹೊತ್ತು ಏನೇನೋ ಮಾತಾಡಿ ಕಡೆಗೆ ಹೇಳಿದರು — "ಹುಡುಗನ ಮಾತು ಹೀಗುಂಟು. ಆ ಸೂಪು ಮಾಡಿದ ಹುಡುಗಿಯಾದರೆ ಆಗಬಹುದು ಅಂತೆ. ಸಣ್ಣವಳು." ಅಮ್ಮ ಏನೋ ಹೇಳಲು ಹೊರಟಳು. ಬಾಯ್ ಅವಳ ಕೈ ಹಿಡಿದಳು. "ಆಯಿತು ಅಂತ ಹೇಳಿ ಮಾಮ. ರಜೆ ಮುಗಿಯುವುದರೊಳಗೆ ಆಗಬೇಕಲ್ವಾ."

ಆಗಲೂ ಹೊತ್ತು ಮೀರಿರಲಿಲ್ಲ. ಮೂರು ಭಾನುವಾರ ಇಗರ್ಜಿಯಲ್ಲಿ ನಮ್ಮ ಹೆಸರು ಓದುತ್ತಾರೆ — ಈ ಮದುವೆಗೆ ಅಡ್ಡಿ ಇದ್ದವರು ತಿಳಿಸಬೇಕು ಎನ್ನುತ್ತಾರೆ. ಮೂರು ಸಲವೂ ನಾನು ಅಲ್ಲೇ ಇದ್ದೆ, ಬಾಯ್ ನನ್ನ ಪಕ್ಕದಲ್ಲೇ ಇದ್ದಳು. ಇಬ್ಬರೂ ಸುಮ್ಮನಿದ್ದೆವು.

ಮತ್ತೆ ಅವಳು ಮಾಡಿದ್ದನ್ನೂ ಹೇಳಬೇಕು. ಮಣಿಪಾಲದಲ್ಲಿ ಎಂಟು ದಿನ ರಜೆ ಕೇಳಿ ಬಂದಳು. "ಅಲ್ಲಿ ಹೋದ ಮೇಲೆ ಮಾಡಿ ಕೊಡು ಅಂತ ಕೇಳ್ತಾರೆ. ಕಲಿತುಕೋ" ಎಂದು ನನ್ನನ್ನು ಒಲೆಯ ಮುಂದೆ ಕೂರಿಸಿದಳು. ಮೊದಲ ದಿನ ನಾನು ಬ್ರೆಡ್ಡು ಕರಟಿಸಿದೆ, ಮರುದಿನ ಸೂಪು ಒಡೆಯಿತು. ನನ್ನ ಕೈಯ ಮೇಲೆ ಕೈಯಿಟ್ಟು ಬಟ್ಟೆ ಹಿಂಡಿಸಿದಳು. ಒಂದು ಬೈಗುಳ ಇಲ್ಲ, ಒಂದು ಚುಚ್ಚುಮಾತಿಲ್ಲ. ಕೆನ್ನೆಗೆ ಎರಡು ಬಿಗಿದಿದ್ದರೆ ನಾನು ಅತ್ತು ಎಲ್ಲವನ್ನೂ — ಏನೋ. ಕೊನೆಯ ದಿನ ನಾನು ಮಾಡಿದ್ದನ್ನು ತಿಂದು, "ಈಗ ಆಯಿತು. ಇನ್ನು ಅವರಿಗೆ ಗೊತ್ತಾಗ್ಲಿಕ್ಕಿಲ್ಲ" ಎಂದಳು. ನನ್ನ ಸುಳ್ಳಿಗೆ ಬೇಕಾದ ಕೈರುಚಿಯನ್ನೂ ಅವಳೇ ಕೊಟ್ಟು ಕಳಿಸಿದಳು.

ಅವಳಿಗೆ ಮತ್ತೆ ಸಂಬಂಧ ಕೂಡಿಬರಲಿಲ್ಲ. ನೋಡಲು ಬಂದವನು ದೊಡ್ಡವಳನ್ನು ಬಿಟ್ಟು ಸಣ್ಣವಳನ್ನು ಮಾಡಿಕೊಂಡ ಎಂದರೆ ಊರಿನವರಿಗೆ ಅಷ್ಟು ಸಾಕು — ದೊಡ್ಡವಳಲ್ಲಿ ಏನೋ ಉಂಟು ಎಂದಾಯಿತು. ಪ್ರೊಫೆಸರರು ತಮ್ಮ ದೇಶಕ್ಕೆ ಹೋದರು. ಅಮ್ಮನೂ ತೀರಿಕೊಂಡಳು. ಬಾಯ್ ಕಾರ್ಕಳದ ಹತ್ತಿರ ನಿಟ್ಟೆಯಲ್ಲಿ ಒಂದು ಹಾಸ್ಟೆಲಿನ ಅಡುಗೆಮನೆ ಸೇರಿದಳು.

ಅದಕ್ಕೆ ಮೊದಲು, ಎಂಬತ್ತೈದರಲ್ಲಿ, ಮಕ್ಕಳೊಂದಿಗೆ ನಾವು ಊರಿಗೆ ಬಂದಿದ್ದೆವು. ನಾನು ಸೂಪು, ಸ್ಯಾಂಡ್‌ವಿಚ್ ಮಾಡಿ ಎಲ್ಲರಿಗೂ ಬಡಿಸಿದೆ. ಗ್ರೆಗರಿ ಖುಷಿಯಲ್ಲಿ ಬಾಯ್‌ಗೆ, "ನೀವೂ ತಂಗಿಯಿಂದ ಇದನ್ನು ಕಲಿತುಕೊಳ್ಳಿ ಮಾರಾಯ್ರೆ. ಕಷ್ಟ ಇಲ್ಲ, ಬೇಕಾದರೆ ನಾನೇ ಹೇಳಿಕೊಡ್ತೇನೆ" ಎಂದರು. ಮಕ್ಕಳು ನಕ್ಕರು. ಬಾಯ್ ಕೂಡ ನಕ್ಕಳು. "ನನಗೆ ಎಲ್ಲಿ ಬರಬೇಕು, ಅವಳ ಕೈ ಬೇರೆಯೇ" ಎಂದಳು. ನಾನು ಸೌಟು ಹಿಡಿದುಕೊಂಡು ನಿಂತಿದ್ದೆ. ಹತ್ತೊಂಬತ್ತು ಇಪ್ಪತ್ತರ ಹುಡುಗಿಯ ಆ ಒಂದು ಮಾತನ್ನು ಯಾರಾದರೂ ಕ್ಷಮಿಸಿಯಾರು. ಮೂವತ್ತರ ಹತ್ತಿರದ ಹೆಂಗಸು, ಎರಡು ಮಕ್ಕಳ ತಾಯಿ, ಆ ದಿನ ಬಾಯಿ ಮುಚ್ಚಿಕೊಂಡದ್ದಕ್ಕೆ ಕ್ಷಮೆ ಇಲ್ಲ.

ಮುಂದಿನ ರಜೆಯಲ್ಲಿ ಹೇಳಿಯೇ ಬಿಡಬೇಕೆಂದು ಒಬ್ಬಳೇ ನಿಟ್ಟೆಗೆ ಹೋದೆ. ಬಾಯ್ ದೊಡ್ಡ ಹಂಡೆಯ ಮುಂದೆ ನಿಂತಿದ್ದಳು, ಕೂದಲು ಅರ್ಧ ಬೆಳ್ಳಗಾಗಿತ್ತು. ಚಹಾ ಕೊಟ್ಟಳು. "ಬಾಯ್, ಆ ದಿನ ಅವರು ಕೇಳಿದಾಗ ನಾನು—" ಎಂದೆ. ಅವಳು ತಟ್ಟನೆ ಮಾತು ತಿರುಗಿಸಿದಳು.

"ಅವರಿಗೆ ಸಕ್ಕರೆ ಕಾಯಿಲೆ ಅಂತ ನೀನು ಬರೆದಿದ್ದೆ ಅಲ್ವಾ? ಸೂಪಿಗೆ ಇನ್ನು ಸಕ್ಕರೆ ಚಿಟಿಕೆಯೂ ಬೇಡ. ಹುಳಿ ಮುರಿಯಲಿಕ್ಕೆ ಒಂದು ತುಂಡು ಕ್ಯಾರೆಟ್ ಬೇಯಿಸಿ ಹಾಕು. ನಾನು ಮಾಡಿ ನೋಡಿದ್ದೇನೆ, ರುಚಿ ಕೆಡುವುದಿಲ್ಲ."

ನನಗೆ ಅದು ಹೊಳೆದಿರಲಿಲ್ಲ. ಅವರೊಂದಿಗೆ ಹತ್ತು ವರ್ಷ ಬಾಳಿದ ನನಗೆ ಹೊಳೆದಿರಲಿಲ್ಲ. ಚಹಾ ಕುಡಿದು, ಹೇಳಬೇಕಾದ್ದನ್ನು ನುಂಗಿಕೊಂಡು ಬಸ್ಸು ಹತ್ತಿದೆ. ಮರುವರ್ಷ ಕಾಮಾಲೆಯಲ್ಲಿ ಅವಳು ಹೋದಳು. ಬಹ್ರೇನಿನಿಂದ ನಾವು ಬಂದು ಮುಟ್ಟುವಾಗ ಮಣ್ಣು ಮಾಡಿಯಾಗಿತ್ತು.

ಗ್ರೆಗರಿಗೆ ಹೇಳಿದ್ದು ಅದಾದ ಮೇಲೆ, ಒಂದು ಶುಕ್ರವಾರ ಮಧ್ಯಾಹ್ನ, ಊಟದ ಮೇಜಿನಲ್ಲಿ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ಚಮಚ ಕೆಳಗಿಟ್ಟರು. ಸಿಟ್ಟು ಮಾಡುತ್ತಾರೆ ಎಂದು ಕಾದೆ.

"ಆ ದಿನ ಒಳಗೆ ಅವರಿಗೆ ಕೇಳಿಸಿತ್ತಾ?"

"ಕೇಳಿಸಿತ್ತು."

ತಟ್ಟೆಯನ್ನು ದೂರ ಸರಿಸಿದರು. ಆಮೇಲೆ ನನ್ನನ್ನು ನೋಡದೆ, "ಮತ್ತೆ ನಾನು ಅವರಿಗೇ ಕಲಿಸಲಿಕ್ಕೆ ಹೋದೆನಲ್ಲ ಲೂಸಿ" ಎಂದರು. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ನನ್ನ ಗಂಡ ಅತ್ತದ್ದನ್ನು ನಾನು ಕಂಡದ್ದು ಆ ಒಂದು ಸಲ. ಏನೂ ತಪ್ಪು ಮಾಡದ ಮನುಷ್ಯ, ನನ್ನ ತಪ್ಪಿಗೆ ನಾಚಿ ಅಳುತ್ತಿದ್ದರು. ಎದ್ದು ಹೋಗಿ ಅವರ ಹೆಗಲ ಮೇಲೆ ಕೈಯಿಡುವ ಧೈರ್ಯ ನನಗೆ ಬರಲಿಲ್ಲ.