ಎರಡು ಕಾಲಂ ಸಂಜೀವಣ್ಣ

ಮೊನ್ನೆ ಬೆಳಿಗ್ಗೆ ಹೋಟೆಲಿನಿಂದ ಕಟ್ಟಿಸಿಕೊಂಡು ಬಂದ ಬನ್ಸಿನ ಪೊಟ್ಟಣ ಬಿಚ್ಚಿದೆ. ಪೇಪರಿನಲ್ಲಿ ಎಣ್ಣೆ ಹೀರಿಕೊಂಡ ಹಿರಿಯರೊಬ್ಬರು ನನ್ನನ್ನು ನೋಡಿ ನಗುತ್ತಿದ್ದರು. ಕೆಳಗೆ ‘ಪ್ರಥಮ ವರ್ಷದ ಪುಣ್ಯಸ್ಮರಣೆ’ ಎಂದಿತ್ತು. ನೀವಾಗಿದ್ದರೆ ಒಂದು ಕ್ಷಣ ಅಯ್ಯೋ ಪಾಪ ಎನ್ನುತ್ತಿದ್ದಿರೋ ಏನೋ. ನಾನು ಮೊದಲು ಮ್ಯಾಟರ್ ಓದಿದೆ, ಫೋಟೋದ ಅಂಚು ಸರಿಯಾಗಿ ಕತ್ತರಿಸಿಲ್ಲ ಎಂದುಕೊಂಡೆ, ಆಮೇಲೆ ಬನ್ಸ್ ತಿಂದೆ. ಈ ಅಭ್ಯಾಸ ನನಗೆ ಅಂಟಿಕೊಂಡದ್ದು ಇಂಟರ್ನ್‌ಶಿಪ್ಪಿನಲ್ಲಿ.

ಆಗ ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಮಂಗಳೂರಿನ ಒಂದು ಸಣ್ಣ ಜಾಹೀರಾತು ಏಜೆನ್ಸಿಯಲ್ಲಿ ಎರಡು ತಿಂಗಳ ಮಟ್ಟಿಗೆ ‘ಕ್ರಿಯೇಟಿವ್ ಇಂಟರ್ನ್’ ಆಗಿ ಸೇರಿಕೊಂಡೆ. ಸಿಕ್ಕ ಅವಕಾಶವನ್ನು ಪೂರ್ತಿಯಾಗಿ ಬಳಸಿಕೊಳ್ಳಬೇಕೆಂದು ಕಾಲೇಜಿನಲ್ಲಿ ಹೇಳಿ ಕಳಿಸಿದ್ದರು. ಬಳಸಿಕೊಳ್ಳುವ ಉದ್ದೇಶದಿಂದ ನಾನು ಗಟ್ಟಿ ರಟ್ಟಿನ ಒಂದು ಪುಸ್ತಕ ಕೊಂಡು, ಮೊದಲ ಪುಟದಲ್ಲಿ ‘ಐಡಿಯಾಗಳು’ ಎಂದು ಬರೆದು, ಕೆಳಗೆ ಗೆರೆ ಎಳೆದಿದ್ದೆ. ಸುರತ್ಕಲ್‌ನಿಂದ ಬರುವ ಬಸ್ಸಿನಲ್ಲೇ ಐಸ್‌ಕ್ರೀಮಿಗೆ ನಾಲ್ಕು, ಚಿನ್ನದಂಗಡಿಗೆ ಆರು ಸಾಲು ತಯಾರಾಗಿದ್ದವು.

ಏಜೆನ್ಸಿ ಒಂದು ಇಲೆಕ್ಟ್ರಿಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ನಡೆಸುತ್ತಿದ್ದವರು ಲವೀನಾ ಮೇಡಂ. ಮನೆಯಲ್ಲಿ ಕೊಂಕಣಿ, ಆಫೀಸಿನಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಪ್ಪದ ಕನ್ನಡ. ಇನ್ನೊಬ್ಬರು ಡಿಸೈನರ್ ಹರೀಶಣ್ಣ. ಅವರು ಕಂಪ್ಯೂಟರಿನ ಹತ್ತಿರ ತುಳುವಿನಲ್ಲಿ ಮಾತಾಡುತ್ತಿದ್ದರು, ಉಳಿದವರ ಹತ್ತಿರ ಮಾತಾಡುತ್ತಿರಲಿಲ್ಲ.

“ಮೇಡಂ, ಯಾವುದರಿಂದ ಶುರು ಮಾಡ್ಲಿ?” ಎಂದು ಮೊದಲ ದಿನ ಕೇಳಿದೆ.

“ಸತ್ತವರಿಂದ,” ಎಂದು ಅವರು ಒಂದು ಫೈಲು ನನ್ನ ಕಡೆ ತಳ್ಳಿದರು.

ಐಸ್‌ಕ್ರೀಮಿನವರು ವರ್ಷಕ್ಕೊಮ್ಮೆ ಬರುತ್ತಾರೆ, ಚಿನ್ನದವರು ಬೆಂಗಳೂರಿಗೆ ಹೋಗುತ್ತಾರೆ, ಶ್ರದ್ಧಾಂಜಲಿಯವರು ಮಾತ್ರ ದಿನಾ ಬರುತ್ತಾರೆ ಎಂದು ವಿವರಿಸಿದರು. ಫೈಲಿನಲ್ಲಿ ಸಿದ್ಧ ಮ್ಯಾಟರ್ ಇತ್ತು: ‘ನೀವು ನಮ್ಮನ್ನಗಲಿ ಇಂದಿಗೆ ಒಂದು ವರ್ಷ. ನಿಮ್ಮ ನಗುಮುಖ, ಸರಳತೆ, ಮಾರ್ಗದರ್ಶನ ಸದಾ ನಮ್ಮೊಂದಿಗಿದೆ.’ ಹೆಸರು ಮತ್ತು ಫೋಟೋ ಬದಲಿಸಿದರೆ ಯಾರಿಗೂ ಆಗುತ್ತಿತ್ತು. ಹರೀಶಣ್ಣನಿಗೆ ಅದು ಬಾಯಿಪಾಠವಾಗಿತ್ತು. ಮೂರು ವಾರ ನಾನು ಹೆಸರು, ಫೋಟೋ ಬದಲಿಸಿದೆ. ಮಂಗಳೂರಿನಲ್ಲಿ ತೀರಿಕೊಂಡವರೆಲ್ಲ ಸರಳರೇ ಎಂಬುದು ನನಗೆ ಆಗ ತಿಳಿಯಿತು.

ನಾಲ್ಕನೆಯ ವಾರ ಉರ್ವದಿಂದ ಸುಶೀಲಕ್ಕ ಬಂದರು. ಅರುವತ್ತರ ಹತ್ತಿರದ ಹೆಂಗಸು. ಗಂಡ ಸಂಜೀವ ಅವರು ಹೋಗಿ ವರ್ಷ ತುಂಬುತ್ತಿತ್ತು. ಕೋಟು ಹಾಕಿದ ಒಂದು ಸ್ಟುಡಿಯೋ ಫೋಟೋ ಕೊಟ್ಟು, ಎರಡು ಕಾಲಂ ಜಾಗ ಹೇಳಿ ಹೋದರು. ಆ ದಿನ ಮೇಡಂ ಇರಲಿಲ್ಲ. ಅವಕಾಶ ಬಳಸಿಕೊಳ್ಳುವ ಗಳಿಗೆ ಇದೇ ಎಂದು ನನಗೆ ಅನಿಸಿತು. ಫೈಲು ಮುಚ್ಚಿಟ್ಟು ಬರೆದೆ: ‘ಕಡಲಿನಾಚೆ ಅಸ್ತಮಿಸಿದ ಸೂರ್ಯನೇ, ನಿನ್ನ ಕಿರಣಗಳಿಂದ ನಮ್ಮ ಅಂಗಳ ಇನ್ನೂ ಬೆಚ್ಚಗಿದೆ.’ ಬರೆದು ಮುಗಿಸಿದಾಗ ನನಗೇ ಸ್ವಲ್ಪ ಅಳು ಬಂತು.

ಮರುದಿನ ಪ್ರೂಫ್ ನೋಡಲು ಬಂದ ಸುಶೀಲಕ್ಕ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

“ನಮ್ಗೆ ಅಂಗಳ ಇಲ್ಲ ಮಗಾ. ಫ್ಲ್ಯಾಟ್.”

ಗಾಬರಿಯಾಗಿ ಹಳೆಯ ಮ್ಯಾಟರ್ ತೆಗೆದು ತೋರಿಸಿದೆ. ಅದನ್ನೂ ಓದಿದರು.

“ನಗುಮುಖವಾ? ಅವರು ಈ ಫೋಟೋದಲ್ಲಿ ನಕ್ಕದ್ದು ಸ್ಟುಡಿಯೋದವ ಜೋರು ಮಾಡಿದ್ದಕ್ಕೆ. ಇದು ಎಂತ, ಬೇರೆ ಯಾರದ್ದೋ?”

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಸಂಶಯ ಬಂದಿತ್ತು. ಒಂದು ತಿಂಗಳಲ್ಲಿ ಮೊದಲ ಬಾರಿಗೆ, “ಅವರು ಹೇಗಿದ್ರು ಅಕ್ಕ?” ಎಂದು ಕೇಳಿದೆ.

ಸುಶೀಲಕ್ಕ ಕುರ್ಚಿ ಎಳೆದುಕೊಂಡರು. ಸಂಜೀವಣ್ಣ ಸುರತ್ಕಲ್ ಲೈನಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿಂತು ನಿಂತು ಅಭ್ಯಾಸವಾಗಿ ಮನೆಯಲ್ಲೂ ಬಾಗಿಲಿಗೆ ಒರಗಿ ನಿಂತೇ ಊಟ ಮಾಡುತ್ತಿದ್ದರಂತೆ. ಮದುವೆ ಹಾಲ್‌ನಲ್ಲಿ ಊಟದ ಸಾಲು ನಿಂತರೆ ಬಾಯಿ ತಪ್ಪಿ “ದುಂಬು ಪೋಲೆ, ದುಂಬು ಪೋಲೆ” ಎಂದು ಜನರನ್ನು ಮುಂದೆ ಕಳಿಸುತ್ತಿದ್ದರಂತೆ. ಮಾತು ಕಡಿಮೆ.

“ಒಂದು ಗುಣ ಇತ್ತು,” ಎಂದರು. “ಬಸ್ಸಿನಲ್ಲಿ ಯಾರು ಎಲ್ಲಿ ಇಳಿಯುವವರು ಅಂತ ಅವರಿಗೆ ಗೊತ್ತು. ನಿದ್ದೆ ಹೋದವರನ್ನು ಅವರವರ ಸ್ಟಾಪಿನಲ್ಲಿ ಎಬ್ಬಿಸ್ತಿದ್ರು. ಒಂದು ದಿನವೂ ಮರೆತದ್ದಿಲ್ಲ.”

ನಾನೂ ಅದೇ ಲೈನಿನವಳು. ಅವರು ನನ್ನನ್ನೂ ಎಬ್ಬಿಸಿದ್ದರು ಎಂದು ಬರೆದರೆ ಈ ಪ್ರಬಂಧಕ್ಕೆ ಒಳ್ಳೆಯದು. ಆದರೆ ಎಬ್ಬಿಸಿದ ನೆನಪಿಲ್ಲ.

ಸುಶೀಲಕ್ಕನ ಎದುರೇ ಬರೆದೆ: ‘ನಿದ್ದೆ ಹೋದವರನ್ನು ಅವರವರ ಸ್ಟಾಪಿನಲ್ಲಿ ಎಬ್ಬಿಸುತ್ತಿದ್ದ ಕಂಡಕ್ಟರ್ ಸಂಜೀವಣ್ಣ ಹೋಗಿ ಇಂದಿಗೆ ಒಂದು ವರ್ಷ.’ ಅವರು ಓದಿ, “ಹಾಂ, ಇದು ಅವರು,” ಎಂದರು.

ಸಂಜೆ ಮಸ್ಕತ್‌ನಿಂದ ಅವರ ಮಗ ನಿತಿನ್ ಮೇಡಂಗೆ ಫೋನ್ ಮಾಡಿದ. ಪ್ರೂಫ್ ಅವನಿಗೂ ಹೋಗಿತ್ತು. ತನ್ನ ಮದುವೆಯ ಮಾತುಕತೆ ನಡೆಯುತ್ತಾ ಉಂಟು, ಕಂಡಕ್ಟರ್ ಅಂತೆಲ್ಲ ಯಾಕೆ, ‘ಸಾರಿಗೆ ಕ್ಷೇತ್ರದಲ್ಲಿ ಸುದೀರ್ಘ ಸೇವೆ’ ಎಂದು ಹಾಕಿ ಎಂದ. ಫೋನಿಟ್ಟ ಮೇಡಂ ನನ್ನನ್ನು ಕರೆದರು. ಫೈಲಿನ ಹೊರಗೆ ಬರೆದದ್ದು ಯಾರನ್ನು ಕೇಳಿ ಎಂದರು. ಯಾರನ್ನೂ ಅಲ್ಲ ಎಂದೆ. ಸರ್ಟಿಫಿಕೇಟು ಹೋಯಿತು ಎಂದು ಖಚಿತವಾಯಿತು. ಅವರು ಪ್ರೂಫನ್ನು ಮತ್ತೊಮ್ಮೆ ಓದಿ, “ಫೋಟೋ ತಂದದ್ದು ತಾಯಿ. ಸಹಿ ಅವರದ್ದೇ ಬೇಕು. ನೀನು ಬರೆದದ್ದು, ಮಗ ಹೇಳಿದ್ದು, ಎರಡೂ ತಕ್ಕೊಂಡು ಹೋಗಿ ಕೇಳು,” ಎಂದರು.

ಉರ್ವದ ಮಾರ್ಕೆಟಿನ ಹಿಂದಿನ ಫ್ಲ್ಯಾಟಿನಲ್ಲಿ ಸುಶೀಲಕ್ಕ ಎರಡೂ ಹಾಳೆಗಳನ್ನು ಟೀಪಾಯಿಯ ಮೇಲೆ ಹರಡಿಕೊಂಡು, ಮಗನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

“ನಿತಿನ್, ಸಾರಿಗೆ ಕ್ಷೇತ್ರ ಅಂದ್ರೆ ಯಾವ ಬಸ್ಸು?”

“ಅಮ್ಮಾ, ಅದು ಮರ್ಯಾದೆಗೆ ಹಾಗೆ ಬರೆಯುವುದು.”

“ಮಾರ್ಕೆಟಿನಲ್ಲಿ ಜನ ಈಗಲೂ ಕೇಳ್ತಾರೆ, ಕಂಡಕ್ಟರ್ ಕಾಣುದೇ ಇಲ್ಲ ಅಂತ. ಅವರಿಗೆ ಹೆಸರು ಗೊತ್ತಿಲ್ಲ ಮಾರಾಯ. ನಾನು ಎಷ್ಟು ಜನರಿಗೆ ನಿಲ್ಲಿಸಿ ನಿಲ್ಲಿಸಿ ಹೇಳ್ಲಿ?”

“ಹುಡುಗಿ ಮನೆಯವರು ಓದ್ತಾರಲ್ಲ.”

“ಓದ್ಲಿ. ಅವರೂ ಬಸ್ಸಿನಲ್ಲಿ ಹೋದವರೇ ಅಲ್ವಾ?”

ನಾನು ಟೀಪಾಯಿಯ ಕಾಲು ನೋಡುತ್ತಾ ಕೂತೆ. ಕೊನೆಗೆ ನಿತಿನ್, “ಹಾಗಾದ್ರೆ ಆ ಕೋಟಿನ ಫೋಟೋ ಬೇಡ,” ಎಂದ. “ಖಾಕಿಯದ್ದು ನನ್ನ ಹತ್ರ ಉಂಟು.”

ಒಂದು ನಿಮಿಷದೊಳಗೆ ಫೋಟೋ ಬಂತು. ಅಷ್ಟು ಬೇಗ ಬರಬೇಕಾದರೆ ಹುಡುಕಿರಲಾರ. ಖಾಕಿ ಅಂಗಿಯ ಮನುಷ್ಯ ಬಸ್ಸಿನ ಬಾಗಿಲಲ್ಲಿ, ಬಾಯಲ್ಲಿ ವಿಸಿಲ್ ಕಚ್ಚಿಕೊಂಡು ನಿಂತಿದ್ದ. ನಗುವ ಪ್ರಶ್ನೆಯೇ ಇರಲಿಲ್ಲ. ಸುಶೀಲಕ್ಕ ಅದನ್ನು ನೋಡಿ, ಎದ್ದು ಹೋಗಿ ನನಗೆ ಚಾ ಮಾಡಿದರು. ಸಕ್ಕರೆ ಹಾಕಲು ಮರೆತಿದ್ದರು. ನಾನು ಹಾಗೇ ಕುಡಿದೆ.

ಜಾಹೀರಾತು ಒಳಪುಟದ ಕೆಳಗಿನ ಮೂಲೆಯಲ್ಲಿ ಬಂತು. ವಾರದ ನಂತರ ಸುಶೀಲಕ್ಕ ಫೋನ್ ಮಾಡಿ, ಪರಿಚಯವೇ ಇಲ್ಲದ ನಾಲ್ಕೈದು ಜನ ಮನೆ ಹುಡುಕಿಕೊಂಡು ಬಂದಿದ್ದರು, ಅದರಲ್ಲೊಬ್ಬಳು ನರ್ಸ್, ರಾತ್ರಿ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ದಿನಾ ನಿದ್ದೆ ಹೋಗುತ್ತಿದ್ದವಳು ಎಂದರು. ಮುಂದೆ ಮಗನ ಮದುವೆಯೂ ಮೊದಲು ಮಾತುಕತೆಯಾಗಿದ್ದ ಹುಡುಗಿಯ ಜೊತೆಯೇ ಆಯಿತು. ಮೇಡಂ ಸರ್ಟಿಫಿಕೇಟಿನಲ್ಲಿ ‘ತೃಪ್ತಿಕರ’ ಎಂದು ಬರೆದುಕೊಟ್ಟರು. ಮೊದಲ ಕೆಲಸದ ಸಂದರ್ಶನದಲ್ಲಿ ಆ ಎರಡು ಕಾಲಂ ತುಂಡನ್ನು ತೋರಿಸಿದೆ. ಇದು ಯಾವ ಬ್ರ್ಯಾಂಡ್ ಎಂದು ಕೇಳಿದರು. ಕೆಲಸ ಸಿಗಲಿಲ್ಲ. ಮುಂದಿನ ಕಡೆ ಸಿಕ್ಕಿತು. ಈಗಲೂ ಅದೇ ಕೆಲಸದಲ್ಲಿದ್ದೇನೆ. ಎಂತಹ ಗ್ರಾಹಕರು ಬಂದರೂ ಮೊದಲು ಕುರ್ಚಿ ಕೊಟ್ಟು, ಅವರು ಮಾತು ಮುಗಿಸುವವರೆಗೆ ಪೆನ್ನು ಮುಟ್ಟುವುದಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಅಮ್ಮ ಬಂದು ನನ್ನ ಹಿಂದೆ ನಿಂತು ಎಲ್ಲವನ್ನೂ ಓದಿದರು.

“ನಾನು ಹೋದ ಮೇಲೆ ನನ್ನ ಬಗ್ಗೆ ಎಂತ ಬರೀತಿ?” ಎಂದು ಕೇಳಿದರು.

ಊರವರನ್ನೆಲ್ಲ ಕೂರಿಸಿ ಕೇಳಿದ ನಾನು ಅಮ್ಮನನ್ನು ಇಷ್ಟು ವರ್ಷಗಳಲ್ಲಿ ಕೇಳಿದ್ದು ಊಟಕ್ಕೇನು ಎಂದು ಮಾತ್ರ.

“ನೀನು ಹೇಳಿದ್ರೆ ಬರೀತೇನೆ,” ಎಂದೆ.

“ಈಗಲೇ? ಅವಸರ ಉಂಟಾ?”

“ಅವಸರ ಎಂತ ಇಲ್ಲ.”

“ಹಾಗಾದ್ರೆ ಬಾ. ಬಂಗುಡೆ ಕ್ಲೀನ್ ಮಾಡ್ಲಿಕ್ಕುಂಟು.”

ಎದ್ದು ಹೋದೆ. ಅಮ್ಮ ಮೊದಲ ಮೀನನ್ನು ಕೈಗೆ ತೆಗೆದುಕೊಂಡು, “ನಂಗೆ ಈಜಲಿಕ್ಕೆ ಬರ್ತದೆ, ಗೊತ್ತುಂಟಾ?” ಎಂದರು.

ಗೊತ್ತಿರಲಿಲ್ಲ.