ಹೊಸ ಕೀಬೋರ್ಡಿನ ಮೊದಲ ಮಾತು

ನಮ್ಮ ಬೀದಿಯ ದರ್ಜಿಯ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಫೋನಿನಲ್ಲಿ ‘ನಾ’ ಎಂದು ಒತ್ತಿದರೆ ಸಾಕು, ‘ನಾಳೆ ಖಂಡಿತ ಕೊಡ್ತೀನಮ್ಮ’ ಎಂದು ಕೀಬೋರ್ಡೇ ಅವನ ಸುಳ್ಳನ್ನು ಪೂರ್ತಿ ಮಾಡುತ್ತಿತ್ತು. ಅಕ್ಷರ ಕಾಣದೆ ಒದ್ದಾಡುವ ಅಪ್ಪನಿಗೆ ಮಗಳು ಮೊನ್ನೆ ಮನೆಯಲ್ಲೇ ಕೂತು, ಆ ಹಳೇ ಕೀಬೋರ್ಡ್ ತೆಗೆದು, ದೊಡ್ಡ ಅಕ್ಷರದ ಹೊಸ ಕೀಬೋರ್ಡ್ ಹಾಕಿಕೊಟ್ಟಳು.

ಆಗಲೇ ನರ್ಸಮ್ಮನ ಮೆಸೇಜು ಬಂತು: “ಯೂನಿಫಾರ್ಮ್ ಆಯ್ತಾ?”

ದರ್ಜಿ ‘ನಾ’ ಒತ್ತಿ ಕಾದ. ‘ನಾಯಿ, ನಾಟಕ’ ಎಂದಿತು ಹೊಸದು.

“ಇದಕ್ಕೇನೂ ಬರಲ್ವಲ್ಲೇ!”

“ಹೊಸದಲ್ವಾ ಅಪ್ಪ, ನೀನು ಹೇಳಿಕೊಟ್ಟ ಹಾಗೆ ಕಲಿಯುತ್ತೆ.”

ಒಂದೊಂದೇ ಅಕ್ಷರ ಹುಡುಕಿ ‘ನಾಳೆ’ ಎಂದು ಬರೆದ. ನರ್ಸಮ್ಮನಿಗೆ ಇದು ನಾಲ್ಕನೆಯ ನಾಳೆ. ನೋಡಿ ನೋಡಿ ಅಳಿಸಿದ. ಫೋನನ್ನು ಮಗಳ ಕೈಗಿಟ್ಟು ಮಿಷಿನ್ ತುಳಿಯತೊಡಗಿದ.

“ಸಂಜೆಗೆ ಕೊಡ್ತೀನಿ ಅಂತ ನೀನೇ ಬರಿಯಮ್ಮ. ಪಾಪ, ಇನ್ನೂ ಹಸುಗೂಸು ಅದು. ಮೊದಲನೇ ಮಾತೇ ಸುಳ್ಳು ಕಲಿಸೋದು ಬೇಡ.”