ಗಾಳಿಗೆ ಹೊಲಿದ ಅಂಗಿ

ಕಣ್ಣು ಮಂಜಾದ ಮೇಲೆ ಡ್ರೈವರಣ್ಣ ಊರನ್ನು ಕಿವಿಯಲ್ಲೇ ನೋಡುತ್ತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿದವನು. ಈಗ ಸಂಜೆ ಹೊತ್ತು ಕಾರಿನಲ್ಲಿ ಹೆಂಡತಿಯ ಪಕ್ಕ ಕೂತು, ಕಿಟಕಿಗೆ ಮುಖ ಕೊಟ್ಟು, "ಇದು ಸೇತುವೆ, ಇದು ಮರ ಕೊಯ್ಯೋ ಮಿಲ್ಲು, ಇಲ್ಲಿ ಯಾರೋ ಹುಲ್ಲು ಕತ್ತರಿಸಿದಾರೆ" ಎನ್ನುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ. ಬೀದಿಯವರೆಲ್ಲ ಹೊಲಿಗೆಯಮ್ಮ ಎಂದು ಕರೆಯುವ ಅವನ ಹೆಂಡತಿ, ಐವತ್ತು ದಾಟಿದ ಮೇಲೆ ಅವನಿಂದಲೇ ಕಾರು ಕಲಿತವಳು. ಗುಡ್ಡದ ತುದಿಯ ತಿರುವಿಗೆ ಹೋಗಿ, ಎಂಜಿನ್ ಆರಿಸಿ, ಇಬ್ಬರೂ ಸುಮ್ಮನೆ ಕೂರುತ್ತಿದ್ದರು. ಅವಳಿಗೆ ದಿನವೆಂದರೆ ಆ ಅರ್ಧ ಗಂಟೆ. ಉಳಿದದ್ದೆಲ್ಲ ಹೊಲಿಗೆ ಮಿಷನ್ನಿನ ಸದ್ದು.

ಆ ಅರ್ಧ ಗಂಟೆಗೇ ಈಗ ಸಂಚಕಾರ ಬಂದಿತ್ತು. ಮೂರು ತಿಂಗಳಿಂದ ಏರು ಕಂಡರೆ ಸಾಕು, ಕಾರು ಏದುಸಿರು ಬಿಡುತ್ತಿತ್ತು. ಹಿಂದೆ ಕಪ್ಪು ಹೊಗೆ. ಅರ್ಧ ಗುಡ್ಡದಿಂದಲೇ ತಿರುಗಿಸಿಕೊಂಡು ಬರಬೇಕು. "ಎಂಜಿನ್ನೇ ಹೋಗಿದೆ ಅತ್ತಿಗೆ, ಗುಜರಿಗೆ ಹಾಕಿಬಿಡಿ" ಎಂದು ಮೈದುನ ಬಾನೆಟ್ ಕೂಡ ಎತ್ತದೆ ತೀರ್ಪು ಕೊಟ್ಟಿದ್ದ. ಗುಜರಿಯವನನ್ನು ಗೊತ್ತುಮಾಡಿದವನೂ ಅವನೇ. ಇವತ್ತು ಹನ್ನೊಂದಕ್ಕೆ ಬರುತ್ತಾನೆ.

ಬೆಳಿಗ್ಗೆ ಡ್ರೈವರಣ್ಣ ತಿಂಡಿ ಮುಟ್ಟಲಿಲ್ಲ.

"ಅದರ ಜೀವ ಹೋಗಿಲ್ಲ ಕಣೇ. ಉಸಿರು ಕಟ್ಟಿದೆ, ಅಷ್ಟೆ. ನಂಗೆ ಕೇಳಿಸುತ್ತಲ್ಲ."

"ಕೇಳಿಸ್ಕೊಳ್ತಾ ಇರಿ. ಗುಜರಿಯವನು ಬಂದು ನಿಮ್ಮ ಕಿವೀನೂ ತೂಕಕ್ಕೆ ಹಾಕ್ತಾನೆ."

"ಗಾಳಿ ಫಿಲ್ಟರ್ ಒಂದು ಬದಲಾಯಿಸಿ ನೋಡೋಣ. ಪಕ್ಕದ ಮನೆಯವನ ಕೈಲಿ ನಿನ್ನೇನೇ ತರಿಸಿಟ್ಟಿದೀನಿ."

ಅಂಗಳದಲ್ಲಿ ಎಳೆ ಬಿಸಿಲು. ಅವಳು ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿದಳು. ಅವನ ಕೈ ಅವಳ ಮಣಿಕಟ್ಟಿನ ಮೇಲೆ.

"ಕಪ್ಪು ಡಬ್ಬಿ ಇದೆಯಲ್ಲ, ಅದಕ್ಕೆ ನಾಲ್ಕು ಕ್ಲಿಪ್ಪು. ಒಂದೊಂದೇ ಬಿಡಿಸು. ಮುಚ್ಚಳ ಮೆಲ್ಲಗೆ ಎತ್ತು, ಕಸ ಒಳಗೆ ಬೀಳ್ಬಾರ್ದು."

ಅವಳು ಫಿಲ್ಟರ್ ಹೊರತೆಗೆದು ಮಗುಚಿದಳು. ಮಗುಚಿದವಳು ಹಾಗೇ ನಿಂತುಬಿಟ್ಟಳು. ಮಿಲ್ಲಿನ ಹಳದಿ ಹೊಟ್ಟು, ಯಾವುದೋ ಮರದ ಬಿಳಿ ಹತ್ತಿ, ಹುಲ್ಲಿನ ಎಸಳು, ಚಿಟ್ಟೆಯ ಅರ್ಧ ರೆಕ್ಕೆ. ಎಷ್ಟೋ ಸಂಜೆಗಳು ಒಂದರ ಮೇಲೊಂದು ಮಲಗಿದ್ದ ಹಾಗೆ. ಊದಿದರೆ ಎಲ್ಲವೂ ಎದ್ದು ಮತ್ತೆ ಗುಡ್ಡದ ಕಡೆ ಹಾರಿಹೋದೀತು ಎನಿಸಿ ಅವಳು ಉಸಿರು ಬಿಗಿಹಿಡಿದಳು.

ಅಷ್ಟರಲ್ಲಿ ಅವನ ಬೆರಳು ಅದರ ಮೇಲೆ ಆಡಿತು. "ಇದೇನೇ ಇದು? ಬಟ್ಟೆ!"

"ಅಂಗಿ" ಎಂದಳು ಅವಳು, ಸಣ್ಣ ದನಿಯಲ್ಲಿ.

ಹಿಂದೊಮ್ಮೆ ಒರೆಸಲೆಂದು ಡಬ್ಬಿ ತೆಗೆದಾಗ ಒಳಗೆ ಬರೀ ಕಾಗದದ ನೆರಿಗೆ ಕಂಡು ಅವಳ ಕರುಳು ಚುರ್ ಎಂದಿತ್ತು. ಇಷ್ಟು ಧೂಳಿಗೆ ಪಾಪ, ಬರೀ ಕಾಗದವೇ? ಅಸ್ತರಿನ ಬಟ್ಟೆ ಎರಡು ಪದರ ಮಡಿಸಿ, ಅಂಚಿಗೆ ಇಲಾಸ್ಟಿಕ್ ಕೊಟ್ಟು, ಅಳತೆಗೆ ಸರಿಯಾಗಿ ಒಂದು ಕವಚ ಹೊಲಿದು ತೊಡಿಸಿದ್ದಳು. ಹೇಳಿದರೆ ನಗುತ್ತಾನೆಂದು ಹೇಳಿರಲಿಲ್ಲ.

"ಯಾವಾಗ ತೊಡಿಸಿದ್ದು?"

ಅವಳು ಲೆಕ್ಕ ಹಾಕಿದಳು. ಮೂರು ತಿಂಗಳು. "ಹಾಗಾದ್ರೆ ಉಸಿರು ಕಟ್ಟಿಸಿದ್ದು ನಾನೇನಾ ರೀ?"

ಅವನು ಮುಖ ಆಚೆ ತಿರುಗಿಸಿದ್ದ. ಹೆಗಲು ಅಲುಗಿದಾಗ ಅಳುತ್ತಿದ್ದಾನೆಂದೇ ಅವಳು ತಿಳಿದಳು. ನೋಡಿದರೆ ನಗು! ಕಣ್ಣಲ್ಲಿ ನೀರು ಬರುವಷ್ಟು ನಗು.

"ಕಾಲರ್ ಯಾಕೆ ಇಡ್ಲಿಲ್ವೇ? ಅದರ ಮೂಗಿಗೆ ದಿಂಬು ಒತ್ತಿದ ಹಾಗಾಗಿದೆ ಕಣೇ. ಸದ್ಯ, ತೋಳು ಹೊಲಿದಿಲ್ಲ!"

"ನಗಿ, ನಗಿ. ನಿಮಗೆ ಹೊಲಿದ ಅಂಗೀಲೂ ಉಸಿರು ಕಟ್ಟುತ್ತೇನೋ."

"ಊಟ ಆದ್ಮೇಲೆ ಸ್ವಲ್ಪ ಕಟ್ಟುತ್ತೆ."

ಅವಳು ಡಬ್ಬಿಯ ಒಳಗನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಹೊಸ ಫಿಲ್ಟರಿನ ಬಿಳಿ ನೆರಿಗೆಗಳ ಮೇಲೆ ಅವನು ಒಮ್ಮೆ ಬೆರಳಾಡಿಸಿ, ರಬ್ಬರಿನ ಅಂಚು ಡಬ್ಬಿಯ ಅಂಚಿನಲ್ಲಿ ಸರಿಯಾಗಿ ಕೂತಿತೇ ಎಂದು ಸುತ್ತಲೂ ತಡವಿದ. ಮುಚ್ಚಳ ಹಾಕಿ, ನಾಲ್ಕೂ ಕ್ಲಿಪ್ಪು ಒತ್ತಿದ್ದಾಯಿತು.

ಹೆಗಲಿಗೆ ಹಗ್ಗ ಹಾಕಿಕೊಂಡು ಗುಜರಿಯವನು ಗೇಟಿನಲ್ಲಿ ನಿಂತಿದ್ದ.

"ಎಳ್ಕೊಂಡು ಹೋಗೋ ಗಾಡಿ ಇದೇನಾ ಅಮ್ಮ?"

"ಹತ್ತಪ್ಪ" ಎಂದ ಡ್ರೈವರಣ್ಣ. "ಮೊದಲು ಅದು ನಿನ್ನನ್ನ ಎಳೀತದೋ ನೋಡೋಣ."

ಗುಡ್ಡದ ಬುಡದಲ್ಲಿ ಅವಳು ಗೇರ್ ಇಳಿಸಿದಳು. ಮಾಮೂಲಿಯಾಗಿ ನಿಲ್ಲುತ್ತಿದ್ದ ಅರ್ಧ ದಾರಿ ಬಂತು, ಹೋಯಿತು. ಎಂಜಿನ್ ಗೊಣಗಲಿಲ್ಲ. ಕನಸಿನಲ್ಲಿ ಮೆಟ್ಟಿಲು ಹತ್ತಿದ ಹಾಗೆ, ಕಾಲಿಗೆ ಭಾರವೇ ಇಲ್ಲದೆ, ಕಾರು ಮೇಲೇರಿತು. ಮೋಡದ ನೆರಳು ರಸ್ತೆ ದಾಟಿ ಅವರ ಮೇಲೆ ಹಾದುಹೋಯಿತು. ಹಿಂದಿನ ಸೀಟಿನವನು ತಿರುಗಿ ನೋಡಿದ. ಹೊಗೆ ಇರಲಿಲ್ಲ.

"ಉಸಿರಾಡೋ ಗಾಡೀನ ಮುರಿಯೋಕೆ ನಂಗೆ ಕೈ ಬರಲ್ಲಮ್ಮ" ಎಂದ ಅವನು. "ನಿಮ್ಮ ಮೈದುನರಿಗೆ ನಾನೇ ಹೇಳ್ತೀನಿ. ನನ್ನನ್ನ ಕೆಳಗಡೆ ಬಿಟ್ಟುಬಿಡ್ತೀರಾ?"

"ಬಿಡ್ತೀನಪ್ಪ. ಸ್ವಲ್ಪ ಹೊತ್ತು ತಡಿ."

ತಿರುವಿನಲ್ಲಿ ಅವಳು ಎಂಜಿನ್ ಆರಿಸಿದಳು. ಮೂವರೂ ಕಿಟಕಿ ಇಳಿಸಿಕೊಂಡು ಕೂತರು. ಗಾಳಿ ಒಂದು ಕಿಟಕಿಯಿಂದ ಬಂದು ಇನ್ನೊಂದರಿಂದ ಹೋಗುತ್ತಿತ್ತು.